ಶಿವಗಂಗೆ ಬೆಟ್ಟಕ್ಕೆ ಶಾಲಾ ಮಕ್ಕಳು: ಒಂದೇ ದಿನದಲ್ಲಿ ಹತ್ತಿ ಇಳಿಯುವುದು ಹೇಗೆ?

ಶಾಲಾ ಪ್ರವಾಸ ಎಂದರೆ ಮೃಗಾಲಯ, ಅರಮನೆ, ವಾಟರ್ ಪಾರ್ಕ್. ಮಕ್ಕಳಿಗೂ ಬೇಸರ ಬಂದಿದೆ. ಬೆಂಗಳೂರು, ತುಮಕೂರು ಕಡೆಯ ಶಾಲೆಗಳಾದರೆ ಒಮ್ಮೆ ಶಿವಗಂಗೆ ಬೆಟ್ಟ ಹತ್ತಿಸಿ ನೋಡಿ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಆಯಿತು. ಸಮುದ್ರಮಟ್ಟದಿಂದ ಎತ್ತರ ಸುಮಾರು 4,500 ಅಡಿ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಕಡಿದಾದ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಆದರೂ ಇದು ಬೆಟ್ಟ, ಪಾರ್ಕ್ ಅಲ್ಲ.

ಮೊದಲ ಕೆಲಸ, ಇಬ್ಬರು ಶಿಕ್ಷಕರು ಒಂದು ವಾರ ಮುಂಚೆ ಹೋಗಿ ತುದಿಯವರೆಗೆ ಹತ್ತಿ ಬರಬೇಕು. ನೆರಳು ಎಲ್ಲಿದೆ, ನಲವತ್ತು ಮಕ್ಕಳು ಕೂರುವಷ್ಟು ಜಾಗ ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂದು ಬರೆದುಕೊಳ್ಳಿ. ಪೋಷಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ ಹೇಗೂ ಬೇಕು. ಪತ್ರದಲ್ಲೇ ಉಬ್ಬಸ, ಫಿಟ್ಸ್, ಅಲರ್ಜಿ ಬಗ್ಗೆ ಕೇಳಿ. ಇನ್‌ಹೇಲರ್ ಬಸ್ಸಿನ ಬ್ಯಾಗಿನಲ್ಲಿ ಉಳಿಯಬಾರದು, ಮಗುವಿನ ಜೇಬಿನಲ್ಲೇ ಇರಬೇಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಯಲ್ಲಿ ಬಂಡೆ ಜಾರುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ ಗುಡುಗು ಮಳೆ ಬಂದರಂತೂ ಆ ಕಬ್ಬಿಣದ ಕಂಬಿಯೇ ಅಪಾಯ. ಏಳನೇ ತರಗತಿಗಿಂತ ಚಿಕ್ಕವರನ್ನು ದಾರಿಯ ನಡುವೆ ಸಿಗುವ ಒಳಕಲ್ಲು ತೀರ್ಥದವರೆಗೆ ಕರೆದೊಯ್ದರೆ ಸಾಕು.

ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲ ಬುಡದಲ್ಲಿರಬೇಕು. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ. ತಲಾ ಎರಡು ಲೀಟರ್ ನೀರು, ಟೋಪಿ, ಅಡಿಯಲ್ಲಿ ಗೀರುಗಳು ಸವೆಯದ ಶೂ. ಯೂನಿಫಾರ್ಮಿನ ಕಪ್ಪು ಶೂ ಬಂಡೆಯ ಮೇಲೆ ಜಾರುತ್ತದೆ. ಹವಾಯಿ ಚಪ್ಪಲಿಯ ಮಾತೇ ಬೇಡ.

ಇನ್ನು ಕೋತಿಗಳು. ಶಿವಗಂಗೆಯ ಕೋತಿಗೆ ಪ್ಲಾಸ್ಟಿಕ್ ಕವರ್ ಸದ್ದು ಕೇಳಿದರೆ ಸಾಕು, ಊಟದ ಗಂಟೆ ಹೊಡೆದಂತೆ. ಚಿತ್ರಾನ್ನ, ಪುಳಿಯೋಗರೆ ಎಲ್ಲ ಬಸ್ಸಿನಲ್ಲೇ ಇರಲಿ, ಇಳಿದ ಮೇಲೆ ತಿನ್ನೋಣ. ಮೇಲಕ್ಕೆ ಕಡಲೆಮಿಠಾಯಿ ಸಾಕು, ಅದೂ ಜಿಪ್ ಹಾಕಿದ ಬ್ಯಾಗಿನೊಳಗೆ. ಕೋತಿ ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಹಲ್ಲು ಕಿರಿದು ಅಣಕಿಸುವ ಹುಡುಗರು ಪ್ರತಿ ತರಗತಿಯಲ್ಲೂ ಇಬ್ಬರಾದರೂ ಇರುತ್ತಾರೆ. ಅವರಿಗೆ ಬಸ್ಸಿನಲ್ಲೇ ಹೇಳಿಡಿ.

ಹತ್ತುವಾಗ ಒಬ್ಬ ಶಿಕ್ಷಕರು ಎಲ್ಲರಿಗಿಂತ ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ. ಹಿಂದಿನವರನ್ನು ನಮ್ಮ ಮಕ್ಕಳು ‘ಬಾಲದ ಮೇಷ್ಟ್ರು’ ಅಂತಾರೆ. ಹೆಚ್ಚಾಗಿ ಆ ಬಾಲ ನಾನೇ. ಉಳಿದ ಮಕ್ಕಳಲ್ಲಿ ಹತ್ತು ಜನಕ್ಕೆ ಒಬ್ಬ ದೊಡ್ಡವರು. ಎಲ್ಲಕ್ಕಿಂತ ನಿಧಾನವಾಗಿ ನಡೆಯುವ ಮಗುವನ್ನು ಮುಂದಿನ ಶಿಕ್ಷಕರ ಬೆನ್ನಿಗೇ ನಿಲ್ಲಿಸಿ, ಅದರ ನಡಿಗೆಯೇ ಎಲ್ಲರ ನಡಿಗೆ. ಹಿಂದೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಉಳಿದವರು ಕೂತು ಸುಧಾರಿಸಿಕೊಂಡಿರುತ್ತಾರೆ, ಈ ಮಗು ಏದುಸಿರಿನಲ್ಲಿ ಬಂದು ತಲುಪುವಷ್ಟರಲ್ಲಿ ಎಲ್ಲರೂ ಏಳುತ್ತಾರೆ. ಪಾಪ, ಅದಕ್ಕೆ ವಿಶ್ರಾಂತಿಯೇ ಸಿಗುವುದಿಲ್ಲ. ಹೀಗೆ ಹತ್ತಿದರೆ ತುದಿಗೆ ಎರಡು ಗಂಟೆಗಿಂತ ಜಾಸ್ತಿಯೇ ಹಿಡಿಯಬಹುದು. ಹಿಡಿಯಲಿ ಬಿಡಿ.

ಕೂತಾಗಲೆಲ್ಲ ತಲೆ ಎಣಿಸಿ. ಒಮ್ಮೆ ಒಳಕಲ್ಲು ತೀರ್ಥ ದಾಟಿ ಎಣಿಸಿದರೆ 42ರ ಜಾಗದಲ್ಲಿ 41. ನನ್ನ ಎದೆ ಧಸಕ್ ಎಂದಿತು. ಆ ತೀರ್ಥದ ಕಿರಿದಾದ ಕುಳಿಯಲ್ಲಿ ಕೈ ಇಳಿಸಿದಾಗ ನೀರು ಸಿಕ್ಕರೆ ಪುಣ್ಯ ಎಂಬ ನಂಬಿಕೆ. ನೀರು ಸಿಗದ ಹುಡುಗನೊಬ್ಬ ಇನ್ನೊಂದು ಸಲ ನೋಡೋಣ ಅಂತ ಸುಮ್ನೆ ವಾಪಸ್ ಹೋಗಿ ಸಾಲಿನಲ್ಲಿ ನಿಂತಿದ್ದ! ಬಾಲದಲ್ಲಿದ್ದ ನಾನು ಯಾರ ಜೊತೆಗೋ ಹರಟುತ್ತಿದ್ದೆ. ಆಮೇಲಿಂದ ಇಬ್ಬಿಬ್ಬರ ಜೋಡಿ ಮಾಡುತ್ತೇನೆ, ‘ನಿನ್ನ ಜೋಡಿ ಎಲ್ಲಿ?’ ಎಂದರೆ ಸಾಕು.

ತುದಿಯ ಹತ್ತಿರದ ನಂದಿಯ ಸುತ್ತ ಜಾಗ ಕಿರಿದು. ಐದಾರು ಮಕ್ಕಳನ್ನಷ್ಟೇ ಒಮ್ಮೆಗೆ ಬಿಡಿ, ಮೊಬೈಲ್ ಯಾರ ಕೈಯಲ್ಲೂ ಬೇಡ. ತುದಿಯಲ್ಲಿ ಕೂತಾಗ ಶಾಂತಲೆಯ ಕಥೆ ಹೇಳಿ. ಹೊಯ್ಸಳ ವಿಷ್ಣುವರ್ಧನನ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿದಳು ಎನ್ನುವುದು ಜನರ ಮಾತು. ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿ, ಮಕ್ಕಳು ಪ್ರಶ್ನೆ ಕೇಳುತ್ತಾರೆ.

ಇಳಿಯುವಾಗ ಜಾಸ್ತಿ ಎಚ್ಚರ ಬೇಕು. ಕಾಲು ಸೋತಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಎಲ್ಲರಿಗೂ ಓಡುವ ಆಸೆ. ಮುಂದಿನ ಶಿಕ್ಷಕರನ್ನು ಯಾರೂ ದಾಟಬಾರದು. ಕೆಳಗೆ ಬಸ್ಸಿನ ಬಾಗಿಲಲ್ಲಿ ಇನ್ನೊಮ್ಮೆ ಎಣಿಸಿ. ಲೆಕ್ಕ ಸರಿಯಾದ ಮೇಲೆಯೇ ಪುಳಿಯೋಗರೆ ಡಬ್ಬಿ ತೆಗೆಯಿರಿ, ಕಿಟಕಿ ಮುಚ್ಚಿಕೊಂಡು.