ತಾರಸಿಯ ಮೇಲೆ ಟೆಲಿಸ್ಕೋಪಿಗೊಂದು ಗೂಡು

ಎಂಟಿಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪು, ಕೊಳವೆ, ಪೀಠ ಸೇರಿ ಇಪ್ಪತ್ತು ಕಿಲೋ ಹತ್ತಿರ ತೂಗುತ್ತದೆ. ಪುಣೆಯ ಕೋಥ್ರೂಡಿನ ನಮ್ಮ ಕಟ್ಟಡದಲ್ಲಿ ಲಿಫ್ಟಿಲ್ಲ. ದಿನಾ ರಾತ್ರಿ ಹೊತ್ತು ಹತ್ತಿಸಿ, ಇಳಿಸುವುದೆಂದರೆ ಉತ್ಸಾಹ ಉಳಿಯುವುದಿಲ್ಲ. ಹಾಗಾಗಿ ಅದನ್ನು ತಾರಸಿಯಲ್ಲೇ ಇಡುವ ಏರ್ಪಾಡು ಮಾಡಿಕೊಂಡೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಹೊರಗೇ ಇದ್ದ ಕನ್ನಡಿ ಸಂಜೆಯ ತಂಪಿಗೆ ಬೇಗ ಹೊಂದಿಕೊಳ್ಳುತ್ತದೆ. ಮನೆಯೊಳಗಿಂದ ತಂದ ಬೆಚ್ಚನೆಯ ಕನ್ನಡಿಯಲ್ಲಾದರೆ ಅದು ತಣಿಯುವವರೆಗೂ ಗುರುಗ್ರಹದ ಪಟ್ಟೆಗಳು ಕುದಿಯುವ ನೀರಿನ ತಳದಲ್ಲಿದ್ದಂತೆ ನಡುಗುತ್ತವೆ.

ಹೊರಗಿಡುವುದೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ತಾಡಪತ್ರಿ. ಮೇಲಿಂದ ಬೀಳುವ ನೀರನ್ನು ಅದು ತಡೆಯುತ್ತದೆ, ನಿಜ. ಆದರೆ ನೆಲದಿಂದ ಏಳುವ ಆವಿ ಒಳಗೇ ಸಿಕ್ಕಿಬಿದ್ದು, ರಾತ್ರಿ ತಾಡಪತ್ರಿಯ ಒಳಮೈಗೆ ಹನಿಗಟ್ಟಿ, ಕೊಳವೆಯ ಮೇಲೇ ತೊಟ್ಟಿಕ್ಕುತ್ತದೆ. ಇಲ್ಲಿನ ತಾರಸಿಗಳಿಗೆ ನೀರು ಸೋರದಿರಲೆಂದು ಇಟ್ಟಿಗೆ ಚೂರು, ಸಿಮೆಂಟಿನ 'ಕೋಬಾ' ಹಾಕಿರುತ್ತಾರೆ. ಮಳೆ ನಿಂತು ಎಷ್ಟೋ ದಿನವಾದರೂ ಅದರ ಹಸಿ ಆರುವುದಿಲ್ಲ. ಅದಕ್ಕೇ ನಾನು ಗಾಳಿಯಾಡುವ ಗೂಡನ್ನೇ ಮಾಡಿಸಿದೆ.

ಫ್ಯಾಬ್ರಿಕೇಶನ್ ಮಾಡಿದವರು ಇಂಡಿ ಕಡೆಯವರು. ಕಬ್ಬಿಣದ ಚೌಕಟ್ಟು, ಬಿಳಿ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿನ ಗೋಡೆ, ಹಿಂದಕ್ಕೆ ಇಳಿಜಾರಾದ ತಗಡಿನ ಮಾಡು. ತಳಕ್ಕೆ, ಸೂರಿನ ಕೆಳಗೆ ಎರಡೂ ಕಡೆ ಜಾಲರಿ ಬೇಕೆಂದಾಗ ಅವರು ಟೇಪು ಕೆಳಗಿಟ್ಟರು.

"ಸಾಹೇಬ್ರ, ಇಷ್ಟ ರೊಕ್ಕಾ ಹಾಕಿ ಮಾಡಸಾಕತ್ತೀರಿ, ಮತ್ತ ತೂತ ಯಾಕ್ರೀ? ಹುಳಾ ಹೊಕ್ಕಾವು."

"ಅದಕ್ಕ ಜಾಳಗಿ ಹಾಕ್ರಿ ಅಣ್ಣಾರ, ಸಣ್ಣದು."

ತಣ್ಣನೆ ಗಾಳಿ ಕೆಳಗಿಂದ ಒಳಬಂದು, ಬೆಚ್ಚಗಾಗಿ ಮೇಲಿಂದ ಹೋಗಬೇಕು, ಅಷ್ಟೇ ಗುಟ್ಟು. ಬಿಳಿ ಬಣ್ಣ ಏಪ್ರಿಲ್ ಬಿಸಿಲಿಗಾಗಿ. ಗೂಡು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಇಟ್ಟಿಗೆಗಳ ಮೇಲಿದೆ. ಕೋಬಾಕ್ಕೆ ಬೋಲ್ಟು ಹೊಡೆಯಲು ಸೊಸೈಟಿಯವರು ಬಿಡುವುದಿಲ್ಲ, ಬಿಡಲೂಬಾರದು. ಮೇ ತಿಂಗಳ ಬಿರುಗಾಳಿಗೆ ಗೂಡು ಮಗುಚದಿರಲೆಂದು ತಳದಲ್ಲಿ ಪೇವರ್ ಬ್ಲಾಕು ಪೇರಿಸಿದ್ದೇನೆ.

ಡಾಬ್ಸೋನಿಯನ್ ಪೀಠದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಅದು ಲ್ಯಾಮಿನೇಟ್ ಅಂಟಿಸಿದ ಪಾರ್ಟಿಕಲ್ ಬೋರ್ಡು. ಸ್ಕ್ರೂ ತೂತಿನಲ್ಲಿ, ಕತ್ತರಿಸಿದ ಅಂಚಿನಲ್ಲಿ ಒಂದಿಷ್ಟು ನೀರು ಇಳಿದರೂ ಸಾಕು, ಉಬ್ಬಿ ಪುಡಿಯಾಗುತ್ತದೆ. ನಾನು ಎಲ್ಲ ಅಂಚಿಗೂ ಮೂರು ಕೈ ಪಾಲಿಯುರೆಥೇನ್ ವಾರ್ನಿಶ್ ಬಳಿದಿದ್ದೇನೆ. ಹೊಸದಾಗಿ ಮಾಡಿಸುವವರು ಮರೀನ್ ಪ್ಲೈವುಡ್ಡಿಗೇ ಹೋಗಿ.

ಗಾಳಿಯಾಡುವ ಗೂಡಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡುವುದು ದಂಡ. ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಡುತ್ತದೆ. ಬದಲಿಗೆ ಒಂದು ಸಣ್ಣ ಹಳೇ ಮಾದರಿಯ ತಂತಿ ಬಲ್ಬು ಹಾಕಿದ್ದೇನೆ. ಪುಣೆಯ ಬುಧವಾರ ಪೇಠೆ ಬಡಾವಣೆಯಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ. ಎಲ್‌ಇಡಿ ಇದಕ್ಕೆ ಬೇಡ, ಇಲ್ಲಿ ಬೇಕಾದದ್ದು ಶಾಖವೇ. ಒಳಗಿನ ಗಾಳಿ ಹೊರಗಿಗಿಂತ ಎರಡು-ಮೂರು ಡಿಗ್ರಿ ಬೆಚ್ಚಗಿದ್ದರೂ ಇಬ್ಬನಿ ಕೂರುವುದಿಲ್ಲ. ಸಿಲಿಕಾ ಜೆಲ್ ಏನಿದ್ದರೂ ಐಪೀಸುಗಳ (ಕಣ್ಣಿಟ್ಟು ನೋಡುವ ಮಸೂರಗಳ) ಗಾಳಿಬಿಗಿ ಡಬ್ಬಿಗೆ. ಐಪೀಸು, ಗುರಿ ಹಿಡಿಯುವ ಫೈಂಡರು ಎರಡೂ ಪ್ರತಿ ರಾತ್ರಿ ನನ್ನೊಂದಿಗೆ ಕೆಳಗೆ ಬರುತ್ತವೆ. ಮಸೂರಕ್ಕೆ ಒಮ್ಮೆ ಬೂಷ್ಟು ಹತ್ತಿದರೆ ಅದು ಲೇಪನವನ್ನೂ ತಿನ್ನುತ್ತದೆ.

ಡಿಸೆಂಬರಿನಲ್ಲಿ ನೋಡಿ ಮುಗಿಸುವ ಹೊತ್ತಿಗೆ ಕೊಳವೆಯ ಹೊರಮೈ ಒದ್ದೆಯಾಗಿರುತ್ತದೆ. ಹಳೇ ಪಂಚೆಯಿಂದ ಅದನ್ನು ಒರೆಸುತ್ತೇನೆ. ಕನ್ನಡಿಯನ್ನು ಮಾತ್ರ ಮುಟ್ಟುವುದಿಲ್ಲ. ಬಾಯಿಗೆ ಪ್ಲಾಸ್ಟಿಕ್ ಮುಚ್ಚಳದ ಬದಲು ಎಲಾಸ್ಟಿಕ್ ಹೊಲಿಸಿದ ಹತ್ತಿಬಟ್ಟೆ ಏರಿಸಿ, ಅಡ್ಡ ಮಲಗಿಸಿ, ಬಲ್ಬು ಹಾಕಿ ಬರುತ್ತೇನೆ. ಆ ಬಟ್ಟೆ ಬರೀ ದೂಳಿಗಲ್ಲ, ಹುಳಕ್ಕೂ ಬಿಸಿಲಿಗೂ. ಐಪೀಸು ಕೂರುವ ಫೋಕಸರಿನ ತೆರೆದ ತೂತಿನೊಳಗೆ ಮಣ್ಣುಗೂಡು ಕಟ್ಟಲು ಕಣಜಕ್ಕೆ ಒಂದು ಮಧ್ಯಾಹ್ನ ಸಾಕು, ಆ ತೂತಿಗೂ ಮುಚ್ಚಳ ಬೇಕು. ಹಗಲಲ್ಲಿ ಬಾಯಿ ತೆರೆದ ಕೊಳವೆ ಸೂರ್ಯನತ್ತ ತಿರುಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬಾಗಿಲಿಗೆ ಬೀಗ ಹಾಕಿರುವುದು ಕಳ್ಳರಿಗಿಂತ ಹೆಚ್ಚಾಗಿ ತಾರಸಿಯಲ್ಲಿ ಆಡುವ ಮಕ್ಕಳ ಸಲುವಾಗಿ.

ಮಳೆಗಾಲಕ್ಕೆ ಮಾತ್ರ ಇದಾವುದೂ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಆಕಾಶ ಕಾಣುವುದಿಲ್ಲ. ಜೂನ್ ಮೊದಲ ವಾರವೇ ಕೊಳವೆಯನ್ನು ಮನೆಗೆ ತಂದು ಒಣಕೋಣೆಯಲ್ಲಿ ಇಡುತ್ತೇನೆ. ವಾರ್ನಿಶ್ ಬಳಿದ ಪೀಠ ಮಾತ್ರ ಮೇಲೆ ಗೂಡಿನಲ್ಲೇ ಉಳಿಯುತ್ತದೆ. ಹೋಗುವ ಮಳೆ ಅಕ್ಟೋಬರಿನಲ್ಲೂ ಗುಡುಗುವುದರಿಂದ ದಸರೆಗೆ ಆತುರಪಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಜಾಲರಿಯ ಜೇಡರಬಲೆ ತೆಗೆದು, ಕೊಳವೆ ಹತ್ತಿಸಿ, ಕಾಲಿಮೇಶನ್ (ಕನ್ನಡಿಗಳ ಹೊಂದಾಣಿಕೆ) ಸರಿಮಾಡಿಕೊಳ್ಳುತ್ತೇನೆ.