ಬಿಸಿಯಾದಾಗ ಕ್ಯಾನ್ ಬಸ್‌ನಿಂದ ಕಳಚಿಕೊಳ್ಳುತ್ತಿದ್ದ ಎಫ್‌ಪಿಜಿಎ: ನನ್ನ ಅನುಭವ

ಐಸ್40 ಅಲ್ಟ್ರಾಪ್ಲಸ್ ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟ್ ಬರೆದು ತುಂಬಬಹುದಾದ ಚಿಪ್) ಒಳಗೆ ಪಿಕೋಆರ್‌ವಿ32 ಪ್ರೊಸೆಸರ್ ಮತ್ತು ಒಂದು ಕ್ಯಾನ್ ಕಂಟ್ರೋಲರ್ ಹಾಕಿ, ಕಾರಿನ 500 ಕೆಬಿಪಿಎಸ್ ಕ್ಯಾನ್ ಬಸ್‌ಗೆ, ಅಂದರೆ ಕಾರಿನ ಭಾಗಗಳು ಪರಸ್ಪರ ಸಂದೇಶ ಕಳಿಸುವ ತಂತಿಗೆ, ಸೇರಿಸಿದ್ದೆ. ಮೇಜಿನ ಮೇಲೆ ಚೆನ್ನಾಗಿ ಓಡುತ್ತಿತ್ತು. ಡ್ಯಾಶ್‌ಬೋರ್ಡ್ ಬಿಸಿಯಾದರೆ ಮಾತ್ರ ಎರರ್ ಫ್ರೇಮ್‌ಗಳು (ತಪ್ಪು ಕಂಡಾಗ ಹೋಗುವ ಸಂಕೇತ) ಜಾಸ್ತಿಯಾಗಿ ಬಸ್-ಆಫ್, ಅಂದರೆ ಕಂಟ್ರೋಲರ್ ತಾನೇ ಬಸ್‌ನಿಂದ ಹೊರಬರುವುದು.

ಟರ್ಮಿನೇಶನ್ (ಬಸ್ ತುದಿಗಳ ರೆಸಿಸ್ಟರ್) ಅಳೆದೆ, 60 ಓಮ್ ಸರಿಯಾಗಿಯೇ ಇತ್ತು. ಟ್ರಾನ್ಸೀವರ್ (ಕಂಟ್ರೋಲರ್ ಮತ್ತು ಬಸ್ ತಂತಿಗಳ ನಡುವಿನ ಚಿಪ್) ಬದಲಿಸಿದೆ, ತಂತಿ ಗಿಡ್ಡ ಮಾಡಿದೆ, ಸ್ಯಾಂಪಲ್ ಪಾಯಿಂಟ್ (ಪ್ರತಿ ಬಿಟ್ ಅನ್ನು ಓದುವ ಕ್ಷಣ) ಹಿಂದೆ ಮುಂದೆ ಸರಿಸಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ತೊಂದರೆ ಇದ್ದದ್ದು ಗಡಿಯಾರದಲ್ಲಿ (ಕ್ಲಾಕ್); ಬಿಸಿಯಾದಂತೆ ಅದರ ವೇಗ ಸರಿಯುತ್ತಿತ್ತು. ಈ ಚಿಪ್‌ನ ಒಳಗಿನ 48 ಮೆಗಾಹರ್ಟ್ಸ್ ಆಸಿಲೇಟರ್‌ಗೆ ಡೇಟಾಶೀಟ್‌ನಲ್ಲೇ ±10% ವ್ಯತ್ಯಾಸ ಇದೆ. ಕ್ಯಾನ್ ಸಹಿಸುವುದು ಹೆಚ್ಚೆಂದರೆ ಸುಮಾರು 1.58%. ಎಸ್‌ಜೆಡಬ್ಲ್ಯೂ (ಒಂದು ಸಲಕ್ಕೆ ಬಿಟ್ ಸಮಯವನ್ನು ಎಷ್ಟು ಸರಿಪಡಿಸಿಕೊಳ್ಳಬಹುದು ಎಂಬ ಮಿತಿ) ಹೆಚ್ಚಿಸಿ ಇಷ್ಟು ದೊಡ್ಡ ಅಂತರ ಮುಚ್ಚಲು ಆಗುವುದಿಲ್ಲ ಅಲ್ವಾ?

ನಿಮಗೂ ಇದೇ ತೊಂದರೆ ಇದ್ದರೆ ಈ ಕ್ರಮದಲ್ಲಿ ಮಾಡಿ. ಮೊದಲು 16 ಮೆಗಾಹರ್ಟ್ಸ್ ಹೊರಗಿನ ಕ್ರಿಸ್ಟಲ್ ಆಸಿಲೇಟರ್ ಕೂರಿಸಿ. 125 ಡಿಗ್ರಿ ಸೆಲ್ಸಿಯಸ್‌ವರೆಗಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅದರ ಔಟ್‌ಪುಟ್ ಗ್ಲೋಬಲ್ ಕ್ಲಾಕ್ ಪಿನ್‌ಗೇ (ಇಡೀ ಚಿಪ್‌ಗೆ ಕ್ಲಾಕ್ ಹಂಚುವ ಪಿನ್) ಹೋಗಬೇಕು, ಸಾಮಾನ್ಯ ಪಿನ್‌ಗೆ ಬೇಡ. ಆಮೇಲೆ ವೆರಿಲಾಗ್ ಕೋಡ್‌ನಿಂದ (ಸರ್ಕ್ಯೂಟ್ ವಿವರಿಸುವ ಭಾಷೆ) ಒಳ ಆಸಿಲೇಟರ್ ತೆಗೆದು, ಯಾವ ಸಿಗ್ನಲ್ ಯಾವ ಪಿನ್‌ಗೆ ಎಂದು ಹೇಳುವ ಪಿನ್ ಫೈಲ್ ತಿದ್ದಿ. ಕ್ಯಾನ್ ಸೆಟ್ಟಿಂಗ್: ಪ್ರಿಸ್ಕೇಲರ್ (ಕ್ಲಾಕ್ ಭಾಗಿಸುವ ಸಂಖ್ಯೆ) 2, ಬಿಟ್‌ಗೆ 16 ಕ್ವಾಂಟಾ (ಸಮಯದ ಚಿಕ್ಕ ತುಣುಕುಗಳು), ಟಿಸೆಗ್1 (ಸ್ಯಾಂಪಲ್ ಪಾಯಿಂಟ್‌ಗೆ ಮೊದಲಿನ ಭಾಗ) 13, ಟಿಸೆಗ್2 (ನಂತರದ ಭಾಗ) 2, ಎಸ್‌ಜೆಡಬ್ಲ್ಯೂ 2. ಸ್ಯಾಂಪಲ್ ಪಾಯಿಂಟ್ 87.5% ಬರುತ್ತದೆ. ಕೆಲವು ಕ್ಯಾನ್ ಕೋರ್‌ಗಳ ರಿಜಿಸ್ಟರ್‌ನಲ್ಲಿ ಈ ಸಂಖ್ಯೆಗಳಿಗಿಂತ ಒಂದು ಕಡಿಮೆ ಬರೆಯಬೇಕು, ನೋಡಿಕೊಳ್ಳಿ. ಕ್ಲಾಕ್ ಬದಲಾದ್ದರಿಂದ ಯುಆರ್ಟ್ (ಸೀರಿಯಲ್ ಪೋರ್ಟ್) ಡಿವೈಡರ್ ಕೂಡ ಬದಲಾಗುತ್ತದೆ: 115200ಕ್ಕೆ 139.