ಹೊಲಿಗೆ ಕೋಣೆಗೆ ಬೆಳಕು ಬೇಕಿತ್ತು, ಆಕಾಶ ಅಳೆದೆ

ಸೀರೆಗೆ ಫಾಲ್ಸ್ ಹಚ್ಚುವಾಗ, ಬ್ಲೌಸಿಗೆ ದಾರ ಆರಿಸುವಾಗ ನನಗೆ ಹಗಲಿನ ಬೆಳಕೇ ಬೇಕು. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಾಣುವ ಎರಡು ಮೆರೂನ್ ಹೊರಗೆ ಬಂದರೆ ಬೇರೆ ಬೇರೆ. ಹಾಗಾಗಿ ದಾವಣಗೆರೆಯ ನಮ್ಮ ಮನೆ ಮಹಡಿಯ ಮೇಲೆ ಶೀಟಿನ ಕೋಣೆ ಹಾಕಿಸುವ ಮೊದಲು, ಆಕಾಶದ ಯಾವ ಭಾಗದಿಂದ ಎಷ್ಟು ಬೆಳಕು ಬರುತ್ತದೆ ಅಂತ ಅಳೆದು ನೋಡಿದೆ.

ಮೊಬೈಲಿನಲ್ಲಿ ಬೆಳಕು ಎಷ್ಟಿದೆ ಅಂತ ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡೆ. ಗೇಣುದ್ದದ ಪಿವಿಸಿ ಪೈಪಿನೊಳಗೆ ಕಪ್ಪು ಕಾಗದ ಸುತ್ತಿ, ಫೋನಿನ ಬೆಳಕಿನ ಸೆನ್ಸರ್ ಮೇಲೆ ಒತ್ತಿ ಹಿಡಿದೆ. ಆಗ ಆಕಾಶದ ಸಣ್ಣ ತುಂಡಿನ ಬೆಳಕಷ್ಟೇ ಒಳಗೆ ಬರುತ್ತದೆ. ನೆತ್ತಿಯಿಂದ ದಿಗಂತದವರೆಗೆ, ನಾಲ್ಕೂ ದಿಕ್ಕಿಗೆ ಹಿಡಿದು ಬರೆದುಕೊಂಡೆ. ಫೋನಿನ ಅಂಕಿ ಪಕ್ಕಾ ಅಲ್ಲ, ಆದರೆ ಒಂದಕ್ಕೊಂದು ಹೋಲಿಸಲು ಸಾಕು.

ಮೋಡವಿಲ್ಲದ ದಿನ ಸೂರ್ಯನ ಸುತ್ತಮುತ್ತ ಬೆಳಕು ಜಾಸ್ತಿ. ದಿಗಂತದ ಬಳಿ ಆಕಾಶ ಸ್ವಲ್ಪ ಬೆಳ್ಳಗಾಗುತ್ತದೆ. ಸೂರ್ಯನಿಂದ ಸುಮಾರು 90 ಡಿಗ್ರಿ ದೂರದ ಕಡುನೀಲಿ ಜಾಗವೇ ಎಲ್ಲಕ್ಕಿಂತ ಮಂಕು.

ಜುಲೈನಲ್ಲಿ ಮೋಡ ದಟ್ಟವಾಗಿ ಮುಚ್ಚಿದಾಗ ಲೆಕ್ಕವೇ ಬದಲಾಯಿತು. ದಿಕ್ಕಿನ ವ್ಯತ್ಯಾಸ ಹೋಯಿತು. ನೆತ್ತಿಯ ಮೇಲೆ ಬೆಳಕು ಹೆಚ್ಚು, ಕೆಳಗಿಳಿದಂತೆ ಕಡಿಮೆ, ಎಲ್ಲ ಕಡೆಯೂ ಹೀಗೇ. 1942ರಲ್ಲಿ ಮೂನ್ ಮತ್ತು ಸ್ಪೆನ್ಸರ್ ಎಂಬ ಸಂಶೋಧಕರು ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ: ಪೂರ್ತಿ ಮೋಡ ಕವಿದಾಗ ನೆತ್ತಿ ದಿಗಂತಕ್ಕಿಂತ ಸುಮಾರು 3 ಪಟ್ಟು ಬೆಳಗುತ್ತದೆ. ಮೋಡದ ಹನಿಗಳು ಬೆಳಕನ್ನು ಅತ್ತಿತ್ತ ಚದುರಿಸಿ ಅದು ಯಾವ ಕಡೆಯಿಂದ ಬಂತು ಅನ್ನುವುದನ್ನೇ ಅಳಿಸಿಬಿಡುತ್ತವೆ. ಹಾಗೆ ಚದುರಿದ್ದರಲ್ಲಿ ನೇರ ಕೆಳಗೆ ಬರುವ ಬೆಳಕಿಗೆ ಮೋಡದಿಂದ ಹೊರಬರುವ ದಾರಿ ಚಿಕ್ಕದು. ಓರೆಯಾಗಿ ಬರುವುದಕ್ಕೆ ಉದ್ದ.

ಇದೇ ಸೂತ್ರದ ಪ್ರಕಾರ, ಅಂಥ ದಿನ ಬಯಲಲ್ಲಿ ನೆಲಕ್ಕೆ ಬೀಳುವ ಬೆಳಕಿನಲ್ಲಿ ನೂರಕ್ಕೆ 40ರಷ್ಟೇ ಗೋಡೆಯ ಮೇಲೆ ಬೀಳುತ್ತದೆ. ಎದುರು ಮನೆ ಅಡ್ಡ ನಿಂತರೆ ಅದೂ ಇಲ್ಲ.

ಶೀಟ್ ಹಾಕುವ ಮೇಸ್ತ್ರಿ, "ಉತ್ತರಕ್ಕೆ ದೊಡ್ಡ ಕಿಟಕಿ ಇಡಿ ಅಕ್ಕಾ, ಬಿಸಿಲೇ ಬರಲ್ಲ" ಎಂದರು. ಚಳಿಗಾಲಕ್ಕೆ ಅದು ನಿಜ. ಆದರೆ ನಮ್ಮೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಅದಕ್ಕೆ ಉತ್ತರದ ಕಿಟಕಿಗೂ ಸಜ್ಜಾ ಹಾಕಿಸಿದೆ. ಜೊತೆಗೆ ಕಟಿಂಗ್ ಟೇಬಲ್ ಮೇಲೆ ಬರುವಂತೆ ಚಾವಣಿಯಲ್ಲಿ ಹಾಲುಬಣ್ಣದ ಒಂದು ಫೈಬರ್ ಶೀಟ್. ಈ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿ ಇರುತ್ತದಲ್ವಾ, ಅದೂ ನೆತ್ತಿಯ ಬೆಳಕನ್ನೇ ಒಳಗೆ ಬಿಡುತ್ತದೆ. ಶೀಟಿನ ಕೆಳಗೆ ತಂತಿ ಎಳೆದು ಬಿಳಿ ಕಾಟನ್ ಬಟ್ಟೆ ಹಾಕಿದ್ದೇನೆ. ಬಿಸಿಲಿಗೆ ಮುಚ್ಚುತ್ತೇನೆ, ಮೋಡ ಬಂದರೆ ಪೂರ್ತಿ ಸರಿಸುತ್ತೇನೆ.

ಬಿಡಿಬಿಡಿ ಮೋಡ ಓಡಾಡುವ ದಿನ ಮಾತ್ರ ಕಷ್ಟ. ಬಿಸಿಲು ಬಿದ್ದ ಬಿಳಿ ಮೋಡ ನೀಲಿ ಆಕಾಶಕ್ಕಿಂತ ಎಷ್ಟೋ ಪಟ್ಟು ಬೆಳಗುತ್ತದೆ. ಅದು ಕಿಟಕಿಯ ಎದುರು ಹಾದರೆ ಮೇಜಿನ ಮೇಲಿನ ಬಣ್ಣವೇ ಬೇರೆ ಕಾಣುತ್ತದೆ. ಬರೀ ನೀಲಿ ಆಕಾಶದ ಬೆಳಕಿನಲ್ಲೂ ಬಟ್ಟೆಗೆ ನೀಲಿ ಛಾಯೆ ಬರುತ್ತದೆ. ದಟ್ಟ ಮೋಡದ ಬೆಳಕು ಹಾಗಲ್ಲ, ಹೆಚ್ಚುಕಡಿಮೆ ಬಿಳಿಯೇ. ಪಿಸ್ತಾ ಹಸಿರು, ನವಿಲು ನೀಲಿ ಇಂಥವಕ್ಕೆ ದಾರ ಹೊಂದಿಸುವ ಕೆಲಸವನ್ನು ಈಗ ಮೋಡದ ದಿನಕ್ಕೇ ಎತ್ತಿಡುತ್ತೇನೆ.